ಉಳಿದ ಅಧ್ಯಾಯ

"ಆ ಹುಡುಗಿ ಮೇಲೆ ಬರ್ತಾಳಾ ಇಲ್ವಾ, ಅಷ್ಟು ಹೇಳಿಬಿಡು," ಎಂದು ಸ್ಟ್ರೆಚರ್ ಮೇಲೆ ಮಲಗಿದ್ದ ಟೈಲರಮ್ಮ ನರ್ಸಿನ ಮಣಿಕಟ್ಟು ಹಿಡಿದುಕೊಂಡರು. ಹೊಟ್ಟೆಯ ದೊಡ್ಡ ಆಪರೇಷನ್. ಆಪರೇಷನ್ ಕೋಣೆಯ ಬಾಗಿಲು ಎರಡು ಮಾರು ದೂರದಲ್ಲಿತ್ತು. ಅವರ ಎದೆಯ ಮೇಲಿದ್ದ ದಪ್ಪ ಕಾದಂಬರಿಯನ್ನು ನರ್ಸ್ ಆಗಷ್ಟೇ ತೆಗೆದುಕೊಂಡಿದ್ದಳು. ನೆಲದಡಿ ಅಡಗಿರುವ ಕತ್ತಲೆಯ ಊರಿಗೆ ದೀಪ ಹಿಡಿದು ಇಳಿದ ಹುಡುಗಿಯ ಕಥೆ ಅದು. ವಾರದಿಂದ ಇಬ್ಬರಿಗೂ ಅದರದೇ ಧ್ಯಾನ, ಮಾತ್ರೆ ನುಂಗುವಾಗಲೂ ಅದರದೇ ಮಾತು. ನರ್ಸ್ ಓದಿ ಮುಗಿಸಿದ್ದಳು. ಟೈಲರಮ್ಮನಿಗೆ ಕೊನೆಯ ಅಧ್ಯಾಯ ಉಳಿದಿತ್ತು.

"ನಾನು ಎದ್ದು ಬರಲ್ಲ ಕಣೇ. ಅದೊಂದು ಗೊತ್ತಾಗಿಬಿಟ್ರೆ ಸಾಕು." ದನಿಯಲ್ಲಿ ಭಯವಿರಲಿಲ್ಲ, ಆಸೆಯೂ ಇರಲಿಲ್ಲ, ಹೊಲಿದ ಬಟ್ಟೆಯನ್ನು ಮಡಿಸಿಟ್ಟು ಅಂಗಡಿ ಮುಚ್ಚುವವರ ದನಿ. ಉತ್ತರ ಒಂದೇ ಒಂದು ಪದ, ನರ್ಸಿನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳದೆ ಕಳಿಸಿ, ಇವರು ನಿಜಕ್ಕೂ ಹೋಗಿಬಿಟ್ಟರೆ ಅದು ಜನ್ಮವಿಡೀ ಗಂಟಲಿನ ಮುಳ್ಳಾಗಿ ಉಳಿಯುತ್ತದೆ. ಒಳಗಿನಿಂದ ಡಾಕ್ಟರು ಕರೆದರು.

"ಹೇಳಲ್ಲ ಅಮ್ಮ. ನೀವೇ ಓದ್ಕೊಳ್ಳಿ."

"ಸಾಯೋಳ ಹತ್ರ ಹಟ ಮಾಡ್ತೀಯಾ?"

"ಹೂಂ. ಆ ಹುಡುಗಿಗೆ ದ್ರೋಹ ಮಾಡಿದವರು ಯಾರು ಅನ್ನೋದನ್ನೂ ನೀವು ತಪ್ಪು ತಿಳ್ಕೊಂಡಿದ್ದೀರಿ."

ಟೈಲರಮ್ಮ ದಿಂಬಿನಿಂದ ತಲೆಯೆತ್ತಿದರು. ಬಿಳಿಚಿಕೊಂಡಿದ್ದ ಮುಖ ಸಿಟ್ಟಿಗೆ ಕೆಂಪೇರಿತು. "ಅಂದ್ರೆ ಅವಳ ಅಣ್ಣ ಅಲ್ವಾ? ಇರು, ಎದ್ದು ಬಂದು ನಿನಗೆ ಮಾಡ್ತೀನಿ."

"ಬಂದು ಮಾಡಿ," ಎಂದು ನರ್ಸ್ ಸ್ಟ್ರೆಚರನ್ನು ಒಳಕ್ಕೆ ತಳ್ಳಿದಳು.