ನೀರು ಹೊಡೆದ ರಾಶಿ

ಫೋನಿನ ಪರದೆಯಲ್ಲಿ ಬೆಂಗಳೂರಿನ ಅನುದಾನ ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದಿಟ್ಟಾಗಲೇ ಜ್ಯೋತಿಲಕ್ಷ್ಮಿಗೆ ಉತ್ತರ ಗೊತ್ತಾಯಿತು. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯೊಳಗೆ ಅವರಿಗೆ ತೋರಿಸಲೆಂದು ಅವಳು ಚುಚ್ಚಿದ್ದ ಯಂತ್ರದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಕಾಯಿ ಒಣಗಿದ್ದರೆ ಹಸಿರು, ತೇವವಿದ್ದರೆ ಕೆಂಪು. ರಾಣೆಬೆನ್ನೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮುಗಿಸಿ ಉಳಿದ ಹೊತ್ತಿನಲ್ಲೆಲ್ಲ ಅವಳು ಕಟ್ಟಿದ್ದು ಇದೊಂದನ್ನೇ.

“ಐಡಿಯಾ ಚೆನ್ನಾಗಿದೆ ಮೇಡಂ. ಆದ್ರೆ ನಿಮ್ಮ ಕಾಲೇಜಲ್ಲಿ ಸರಿಯಾದ ಲ್ಯಾಬೇ ಇಲ್ವಲ್ಲ, ಅನುದಾನ ಹೇಗೆ ಕೊಡೋದು? ಮುಂದಿನ ವರ್ಷ ಟ್ರೈ ಮಾಡಿ.”

ಲ್ಯಾಬು ಕಟ್ಟಲೆಂದೇ ಅವಳು ಅನುದಾನ ಕೇಳಿದ್ದು. ಯುವ ಅಧ್ಯಾಪಕರಿಗೆಂದೇ ಇರುವ ಈ ಯೋಜನೆಗೆ ಮುಂದಿನ ವರ್ಷ ಅವಳ ವಯಸ್ಸು ಮೀರಿರುತ್ತದೆ. ಅದನ್ನು ಹೇಳಲು ಬಾಯಿ ತೆರೆದಳು, ಕಣ್ಣು ತುಂಬಿ ಬಂತು.

“ಅಯ್ಯೋ, ಅಳ್ತಿದ್ದೀರಾ?”

“ಇಲ್ಲ ಸರ್, ಮೆಣಸಿನಕಾಯಿ ಘಾಟು.”

“ಬ್ಯಾಡಗಿ ಅಂದ್ರೆ ಸುಮ್ನೇನಾ!” ಅಧ್ಯಕ್ಷರು ನಕ್ಕರು. ಪರದೆ ಕಪ್ಪಾಯಿತು.

ರಾಶಿಯ ಪಕ್ಕದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದ ಮೈಲವ್ವ ಕೈ ನಿಲ್ಲಿಸಿದಳು. ತೊಟ್ಟು ಮುರಿಯುವಾಗ ಕಾಯಿ ಪುಡಿಯಾಗದಿರಲಿ, ಧೂಳು ಏಳದಿರಲಿ ಎಂದು ಬೆಳಿಗ್ಗೆ ರಾಶಿಗೆ ನೀರು ಹೊಡೆದವಳೂ ಅವಳೇ. ಸೆರಗಿನ ತುದಿಯನ್ನು ಮುಂದೆ ಚಾಚಿ ಮೆಲ್ಲಗೆ ಅಂದಳು:

“ಅಕ್ಕೋರ, ರಾಶಿ ಹಸಿ ಐತಿ ಅಂತ ನಿಮ್ಮ ಮಶಿನ್ನ ಹೇಳಾಕತ್ತೈತಿ. ಹಸಿ ಕಾಯಿಗೆ ಎಲ್ಲಿ ಘಾಟ್ರಿ? ತಗೋರಿ, ಕಣ್ಣು ಒರಸ್ಕೋರಿ.”