ಇಳಿಯುವ ವಿದ್ಯೆ

“ಮಾಸ್ತರ್ರ, ಹಿಡೀರಿ! ನನಗ ಇಳಿಯಾಕ ಬರೂದಿಲ್ಲ, ಲಗೂ ಹಿಡೀರಿ!”

ಕೂಗಿದವರು ಊರಗೌಡರಾದ ಕುಬೇರಪ್ಪನವರು. ಧೋತರ ಮೊಣಕಾಲಿಗೆ ಏರಿಸಿ, ಹೊಚ್ಚ ಹೊಸ ಸೈಕಲ್ಲಿನ ಮೇಲೆ ಕೂತು, ಅಡವಿಯ ಗರಸಿನ ದಾರಿಯ ಇಳಿಜಾರಿನಲ್ಲಿ ಅವರು ಉರುಳಿ ಬರುತ್ತಿದ್ದರು. ಎದುರಿಗೆ ಸಾಲೆಯ ನೀಲಪ್ಪ ಮಾಸ್ತರರು ತಮ್ಮ ಹಳೆಯ ಸೈಕಲ್ಲನ್ನು ಹಿಡಿದು ಆಗಲೇ ನೆಲದ ಮೇಲೆ ನಿಂತಿದ್ದರು. ಗೌಡರನ್ನು ಕಂಡೊಡನೆ ಕಾಲು ತಾನಾಗಿಯೇ ಇಳಿದುಬಿಟ್ಟಿತ್ತು. ರಾಮೇಶ್ವರಕ್ಕೆ ಹೋದರೂ ಶನೇಶ್ವರ ಬಿಡಲಿಲ್ಲವಲ್ಲ ಎಂದು ಅವರಿಗೆ ತಮ್ಮ ಕಾಲಿನ ಮೇಲೆಯೇ ಸಿಟ್ಟು ಬಂತು.

ಯಾಕೆಂದರೆ ಮಾಸ್ತರರು ಈ ದಾರಿ ಹಿಡಿದದ್ದೇ ಇಳಿಯುವುದನ್ನು ತಪ್ಪಿಸಿಕೊಳ್ಳಲು. ಅವರು ಈಗ ಮನೆ ಮಾಡಿದ್ದ ಧಾರವಾಡದಿಂದ ಸಾಲೆಗೆ ನೆಟ್ಟಗಿನ ರಸ್ತೆ ಊರೊಳಗೆ, ಗೌಡರ ವಾಡೆಯ ಮುಂದೆಯೇ ಹಾದುಹೋಗುತ್ತದೆ. ಮಾಸ್ತರರಂತೆ ಆ ಊರ ಹೊಲಗೇರಿಯಲ್ಲಿ ಹುಟ್ಟಿದವರು ಯಾರೇ ಆಗಲಿ, ವಾಡೆಯ ಮುಂದೆ ಸೈಕಲ್ ಇಳಿದು, ತಳ್ಳಿಕೊಂಡು, ಆಚೆಯ ಬೇವಿನ ಮರ ದಾಟಿದ ಮೇಲೆ ಹತ್ತಬೇಕು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾಗಿದ್ದರೂ ಆ ಸುದ್ದಿ ಇನ್ನೂ ವಾಡೆಯ ಕಟ್ಟೆ ಹತ್ತಿರಲಿಲ್ಲ. ಒಂದು ವರ್ಷ ಇಳಿದು ಹತ್ತಿ ಬೇಸತ್ತ ಮಾಸ್ತರರು ಮೂರು ಮೈಲಿ ಸುತ್ತಾದರೂ ಸರಿಯೆಂದು ಅಡವಿಯ ದಾರಿಗೆ ತಿರುಗಿದರು. ಕೇಳಿದವರಿಗೆ, “ಅಡವಿ ಗಾಳಿ ಮೈಗೆ ಛಲೋರಿ, ಗಾಡಿ ಮೋಟಾರಿನ ಕಾಟಿಲ್ಲ” ಎಂದು ಹೇಳಿದರು. ಹೇಳುತ್ತ ಹೇಳುತ್ತ ಅದು ಖರೆಯೂ ಆಗಿತ್ತು. ಎರಡೂ ಬದಿಗೆ ಕಾರೆಕಂಟಿ, ಹೂಬಿಟ್ಟ ತಂಗಡಿ, ಚಕ್ರದ ಕೆಳಗೆ ಕರಕರ ಎನ್ನುವ ಗರಸು. ದಾರಿಗೆ ಅಡ್ಡ ನಿಂತ ನವಿಲಿಗೆ ಮಾಸ್ತರರು ಗಂಟೆ ಬಾರಿಸಿದರೆ ನವಿಲೇ ಸರಿಯುತ್ತಿತ್ತು. ಜಗತ್ತಿನಲ್ಲಿ ಅವರಿಗೆ ದಾರಿ ಬಿಡುವ ಪ್ರಾಣಿ ಅದೊಂದೇ.

ಈ ಗಾಳಿಯ ಹೊಗಳಿಕೆ ಹೆಡ್‌ಮಾಸ್ತರರ ಬಾಯಿಂದ ಗೌಡರ ಕಿವಿಗೆ ಬಿತ್ತು. ಸಕ್ಕರೆ ಬೇನೆಗೆ ಸೈಕಲ್ ಹೊಡೆಯಿರೆಂದು ಡಾಕ್ಟರು ಅವರಿಗೆ ಹೇಳಿದ್ದರು. ಊರಲ್ಲಿ ಕಲಿತರೆ ಬಿದ್ದಾಗ ಮಂದಿ ನಗುತ್ತಾರೆ. ಹೀಗಾಗಿ ಗೌಡರೂ ಇದೇ ದಾರಿಗೆ ಬಂದಿದ್ದರು.

“ಹಿಡೀರೀ ಮಾಸ್ತರ್ರ!”

ಹುಟ್ಟಿದಾಗಿನಿಂದ ಗೌಡರ ಬಾಯಲ್ಲಿ ತಮಗಾಗಿ ಒಂದು ‘ರಿ’ ಕೇಳದಿದ್ದ ನೀಲಪ್ಪನವರು ಸೈಕಲ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಆದರೆ ಕೈ ಚಾಚಿದ್ದು ಚಾಚಿದಂತೆಯೇ ನಿಂತಿತು.

“ಮುಟ್ಟಬಹುದೇನ್ರಿ ಗೌಡ್ರ?”

“ಅದನ್ನೆಲ್ಲಾ ಆಮ್ಯಾಲ ನೋಡೂಣು, ಹಿಡೀರಿ ಅಂದ್ರ!”

ಅಷ್ಟರಲ್ಲಿ ಕಾರೆಕಂಟಿಯೇ ಗೌಡರನ್ನು ಹಿಡಿದಿತ್ತು.

ಮಾಸ್ತರರು ಅವರನ್ನು ಎಬ್ಬಿಸಿದರು, ಬೆನ್ನಿನ ಮುಳ್ಳು ಕಿತ್ತರು, ತಮ್ಮ ಕರವಸ್ತ್ರವನ್ನೇ ಮೊಣಕಾಲಿಗೆ ಕಟ್ಟಿದರು. ಮುಟ್ಟುವ ಮಾತನ್ನು ಇಬ್ಬರೂ ಮತ್ತೆ ತೆಗೆಯಲಿಲ್ಲ. ನೆಲದ ಮೇಲೆ ಗಟ್ಟಿಯಾಗಿ ನಿಂತ ಕೂಡಲೆ ಗೌಡರ ‘ರಿ’ ಮಾತ್ರ ಬಿದ್ದಲ್ಲೇ ಉಳಿಯಿತು.

“ಹತ್ತೂದು ಬರತೈತೋ, ಇಳಿಯೂದು ಬರೂದಿಲ್ಲ. ನೀ ಏನು ಸಲೀಸ ಇಳದೆಲ್ಲೋ! ಎಲ್ಲಿ ಕಲ್ತಿ?”

“ನಿಮ್ಮ ವಾಡೇದ ಮುಂದರಿ.”

ಗೌಡರು ಅವರ ಮುಖ ನೋಡಿದರು. ಅಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದರು: “ಇಲ್ಲಿ ಆಗಿದ್ದು ಊರಾಗ ಹೇಳಬ್ಯಾಡ. ಮತ್ತ ನಾಳಿಂದ ಈ ದಾರಿಗೂ ಬರಬ್ಯಾಡ. ನಾ ಕಲಿಯೂತನಾ ಊರಾಗ ಹಾದು ಹೋಗು.”

ನೀಲಪ್ಪನವರಿಗೆ ಇದ್ದೊಂದು ದಾರಿಯೂ ಹೋಯಿತು. “ವಾಡೇದ ಮುಂದ ಇಳೀಬೇಕೇನ್ರಿ?” ಎಂದು ಮೆಲ್ಲಗೆ ಕೇಳಿದರು.

ಗೌಡರು ನ್ಯಾಯ ಹೇಳುವವರ ಹಾಗೆ ಯೋಚಿಸಿದರು. “ಆ ಹೊತ್ತಿನ್ಯಾಗ ನಾ ಇಲ್ಲೇ ಇರತೇನಿ. ಕಟ್ಟಿ ಮ್ಯಾಲ ಯಾರೂ ಇರೂದಿಲ್ಲ. ಖಾಲಿ ಕಟ್ಟಿಗೆ ಯಾರ ಇಳೀತಾರೋ? ಹೋಗು.”

ಮರುದಿನ ಮುಂಜಾನೆ ಮಾಸ್ತರರು ಊರ ರಸ್ತೆ ಹಿಡಿದರು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ದಾಟುತ್ತಿದ್ದ ಜಾಗ ಅದು. ವಾಡೆ ಹತ್ತಿರವಾದಂತೆ ಬಲಗಾಲು ತನ್ನ ರೂಢಿಯಂತೆ ಪೆಡಲು ಬಿಟ್ಟು ಮೇಲೇಳಲು ನೋಡಿತು. ಹಲ್ಲು ಕಚ್ಚಿ ಅದನ್ನು ಅಲ್ಲೇ ಒತ್ತಿ ತುಳಿದರು. ಕಟ್ಟೆ ಖಾಲಿಯಿತ್ತು. ಮಾಸ್ತರರು ಸೈಕಲ್ಲಿನ ಮೇಲೆ ಕೂತವರು ಕೂತೇ ಇದ್ದರು. ಬೇಕಿಲ್ಲದಿದ್ದರೂ ಎರಡು ಸಲ ಗಂಟೆ ಬಾರಿಸಿದರು. ಇಂಥ ಸಂತೋಷ ಅವರಿಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ವಾಡೆಯ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಗೌಡರ ತಾಯಿ ಮುರಿಗೆವ್ವ ತಲೆ ಎತ್ತಿದಳು. “ಯಾರ ಅಂವಾ, ಕುಂತ ಹೋದಾಂವ?”

“ನೀಲಪ್ಪ ಮಾಸ್ತರ ಅಲ್ಲೇನವಾ” ಎಂದಳು ಆಳುಮಗಳು ಕಾಳವ್ವ.

ಮುದುಕಿ ಲೊಚಗುಟ್ಟಿದ್ದು ಮಾಸ್ತರರಿಗೂ ಕೇಳಿಸಿತು.

“ಅಯ್ಯ ಪಾಪ! ನಮ್ಮ ಕುಬೇರನಂಗ ಅಂವಗೂ ಇಳಿಯಾಕ ಬರೂದಿಲ್ಲ ಕಾಣತೈತಿ.”