ಚೌಕದೊಳಗಿನ ಕಣಗಿಲೆ

ನಾಡಿನ ಸಹಜ ಹುಲ್ಲುಗಾವಲುಗಳನ್ನು ವಿಂಗಡಿಸಿ ಪಟ್ಟಿ ಮಾಡುತ್ತಿದ್ದ ಅಧಿಕಾರಿ ಗುಡ್ಡದ ಮೇಲೆ ಹಗ್ಗವನ್ನು ಚೌಕವಾಗಿ ಹಾಸಿ, ಒಳಗಿನ ಗಿಡಗಳನ್ನು ಒಂದೊಂದಾಗಿ ಗುರುತಿಸತೊಡಗಿದ. ಕುರಿ ಮೇಯಿಸುವ ಮುದುಕಿ ಪಕ್ಕದಲ್ಲೇ ನಿಂತಿದ್ದಳು.

“ಈ ಗುಡ್ಡ ಪಟ್ಟಿಗೆ ಸೇರಿದ್ರೆ ಗಣಿಯೋರು ಬರಲ್ವಾ, ಸ್ವಾಮಿ?”

“ಬರೋ ಹಾಗಿಲ್ಲ. ಆದ್ರೆ ಜನ ನೆಟ್ಟಿದ್ದು ಒಂದೂ ಇರಬಾರದು. ಇಲ್ನೋಡಿ, ಕಣಗಿಲೆ. ಯಾರು ನೆಟ್ಟಿದ್ದು?”

“ತಾನಾಗೇ ಹುಟ್ಟಿರ್ಬೇಕು.”

“ಈ ಗುಡ್ಡದಲ್ಲಿ ಕಣಗಿಲೆ ತಾನಾಗಿ ಹುಟ್ಟಲ್ಲ, ಅಜ್ಜಿ. ಇದಿದ್ರೆ ಸಹಜ ಅಂತ ಬರೆಯೋಕೆ ನನ್ನ ಕೈಲಾಗಲ್ಲ.”

ಮುದುಕಿ ಕುಕ್ಕರಗಾಲಲ್ಲಿ ಕೂತು, ಗಿಡವನ್ನು ಬುಡಸಮೇತ ಕಿತ್ತು, ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಸವರಿ ಮಟ್ಟ ಮಾಡಿದಳು.

“ಈಗ ಬರ್ಕೊಳ್ಳಿ.”

ಅವನು ಬರೆದುಕೊಂಡ: ‘ಸಹಜ. ಮನುಷ್ಯರ ಕುರುಹಿಲ್ಲ.’

ಸಂಜೆ ಅವಳ ಕೈಯಲ್ಲಿದ್ದ ಗಿಡವನ್ನು ಕಂಡ ಮಗಳು ಗುಡಿಸಲ ಬಾಗಿಲಲ್ಲೇ ಅದನ್ನು ಕಸಿದುಕೊಂಡಳು.

“ನಿನ್ನ ಕೂಸು ಮಲಗಿರೋ ಜಾಗಾನ ಇನ್ನು ಯಾರೂ ಅಗೆಯಲ್ಲ ಕಣವ್ವ,” ಎಂದಳು ಮುದುಕಿ. “ಒಂದು ಮಳೆ ಬಿದ್ದು ಹುಲ್ಲು ಬಂದ್ರೆ, ಎಲ್ಲಿ ಹೂತಿದ್ವು ಅಂತ ನಮಗೂ ಗೊತ್ತಾಗಲ್ಲ.”